ಒಂದು ಮೀಟರಿನ ಹಲಗೆ

ಕುರೊಹಾಮಾ ಬಂದರು
1988 ಮಾರ್ಚ್ 10

ಶುನ್ಸಾಕು,

ಪತ್ರದ ಮೊದಲಲ್ಲಿ ಋತುವಿನ ಬಗ್ಗೆ ಎರಡು ಒಳ್ಳೆಯ ಮಾತು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಪ್ಲಮ್ ಮರ ಹೂ ಬಿಟ್ಟಿದೆ, ನೋಡಲು ನನಗೆ ಪುರಸೊತ್ತಿಲ್ಲ. ಅಷ್ಟು ಸಾಕು.

ಅಪ್ಪ ನಾಲ್ಕನೇ ತಾರೀಕು ಬೆಳಿಗ್ಗೆ ಹೋದರು. ತಂತಿ ನಿನ್ನ ಕೈಗೇ ಕೊಟ್ಟಿದ್ದೇವೆ ಎಂದು ಅಂಚೆಯವರು ಹೇಳುತ್ತಾರೆ. ಆರರಂದು ದಹನವಾಯಿತು. ಬೂದಿಯಿಂದ ಮೂಳೆ ಎತ್ತುವಾಗ ಇಬ್ಬರು ಒಟ್ಟಿಗೆ ಕಡ್ಡಿಯಲ್ಲಿ ಹಿಡಿಯಬೇಕಲ್ಲ, ನಿನ್ನ ಜಾಗದಲ್ಲಿ ಕುವಬಾರ ಮಾಮ ನಿಂತರು. ಇಡೀ ಆಯುಷ್ಯ ದೊಡ್ಡ ಹಡಗುಗಳನ್ನು ಬಂದರಿಗೆ ಎಳೆಯುವ ದೋಣಿ ನಡೆಸಿದ ಕೈ ಅದು, ಆದರೂ ನಡುಗುತ್ತಿತ್ತು. ನೀನು ಯಾಕೆ ಬರಲಿಲ್ಲ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀನು ಸುಳ್ಳು ಹೇಳುತ್ತೀ, ನಾನು ನಂಬಿದ ಹಾಗೆ ಮಾಡಬೇಕಾಗುತ್ತದೆ.

ಈಗ ಕೆಲಸದ ಮಾತು. ಠಾಣೆಯ ಪರವಾನಗಿ ವಿಭಾಗದಿಂದ ಅರಿಮುರಾ ಎಂಬ ಹುಡುಗುಮುಖದ ಅಧಿಕಾರಿ ಬಂದಿದ್ದ. ಅಪ್ಪನ ಫೋಟೊಗೆ ಧೂಪ ಹಚ್ಚಿ ಕೈಮುಗಿದ, ಚಹಾ ಕುಡಿದ, ಆಮೇಲೆ ಚೀಲದಿಂದ ಕಾಗದ ತೆಗೆದ. ನಮ್ಮ 'ಚಿದೊರಿ' ಅಂಗಡಿಗೆ ಎರಡು ಪರವಾನಗಿ ಇರುವುದು ನಿನಗೆ ಗೊತ್ತು. ಮದ್ಯ ಮತ್ತು ತಿಂಡಿ ಮಾರಲು ಆರೋಗ್ಯ ಕಚೇರಿಯದು, ನಾಲ್ವರು ಕೂತು ಕಾಯಿ ಆಡುವ ಮಾಜಾಂಗ್ ಮೇಜು ಇಡಲು ಪೊಲೀಸರದು. ಮದ್ಯದ್ದು ಸುಲಭ, ಹೆಸರು ಬದಲಾಯಿಸಿ ಕೊಟ್ಟರೆ ಮುಗಿಯಿತು. ಮೇಜಿನದು ಹಾಗಲ್ಲ. ಜೂಜಿನ ಸಾಮಾನು ಇರುವ ಅಂಗಡಿ ಎಂದರೆ ಸರ್ಕಾರಕ್ಕೆ ಮೈಯೆಲ್ಲ ಕಣ್ಣು. ಆ ಪರವಾನಗಿ ಅಪ್ಪನಿಗೆ ಕೊಟ್ಟದ್ದು, ಅಪ್ಪನ ಜೊತೆಗೇ ಸಾಯುತ್ತದೆ. ಉಳಿಯಬೇಕಾದರೆ ಅರವತ್ತು ದಿನದೊಳಗೆ ಮಕ್ಕಳಲ್ಲಿ ಒಬ್ಬರು ಅರ್ಜಿ ಹಾಕಬೇಕು, ಉಳಿದ ಮಕ್ಕಳೆಲ್ಲ ಒಪ್ಪಿಗೆ ಬರೆದುಕೊಡಬೇಕು. ಉಳಿದ ಮಕ್ಕಳೆಲ್ಲ ಎಂದರೆ ನೀನೊಬ್ಬನೇ.

ದಿನ ತಪ್ಪಿದರೆ ಹೊಸದಾಗಿ ಕೇಳಿಕೊಂಡರಾಯಿತು ಎಂದೆ. ಅವನು ಕಿಟಕಿಯ ಹೊರಗೆ ಕೈ ತೋರಿಸಿದ. ಮೀನು ಮಾರುಕಟ್ಟೆಯ ಎದುರು ಆರು ವರ್ಷದ ಹಿಂದೆ ಕಟ್ಟಿದ ಹನ್ನೆರಡು ಹಾಸಿಗೆಯ ಕ್ಲಿನಿಕ್ ಇದೆಯಲ್ಲ, ಅದರಿಂದ ನಮಗೆ ಎಂಬತ್ತು ಮೀಟರ್. ನೂರು ಮೀಟರಿನೊಳಗೆ ಆಟದ ಅಂಗಡಿಗೆ ಅಪ್ಪಣೆ ಇಲ್ಲ. "ಹಳೇದು ಇರಬಹುದು ಅಕ್ಕಾವ್ರೇ, ಹೊಸದು ಹುಟ್ಟಂಗಿಲ್ಲ" ಎಂದ. ಲೆಕ್ಕಕ್ಕೆ ಕೊನೆಯ ದಿನ ಮೇ ಮೂರು. ಅವತ್ತು ರಜೆ, ಆದ್ದರಿಂದ ಎರಡನೇ ತಾರೀಕು ಸಂಜೆಯೊಳಗೆ.

ಒಪ್ಪಿಗೆ ಪತ್ರದ ನಮೂನೆ ಇದರೊಳಗಿದೆ. ನಿನ್ನ ಕೈಯಾರೆ ಹೆಸರು ಬರೆದು ಕಳಿಸು. ನನಗೆ ನಲವತ್ತೇಳು. ಆ ನಾಲ್ಕು ಮೇಜು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಇದನ್ನು ಅಳುಮುಖ ಮಾಡಿ ಹೇಳುತ್ತಿಲ್ಲ.

ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಮೂವರೂ ಬರುತ್ತಾರೆ. ಕುವಬಾರ ಮಾಮ, ಚಾಪೆ ಹೊಲಿಯುವ ಮಿತಾನಿ, ಸುಟ್ಟ ಮೀನಿನ ಚಿಕುವಾ ಮಾರುವ ಫುಜಿಎ. ನಾಲ್ಕನೆಯವರು ಸಿಗದಿದ್ದರೆ ಅಂಗಡಿಯವರು ಕೂರಬೇಕೆಂಬುದು ಪದ್ಧತಿ, ಈಗ ನಾನು ಕೂರುತ್ತೇನೆ. ನನ್ನ ಆಟ ನೋಡಿ ಫುಜಿಎ ಅಮ್ಮ ನಿನ್ನೆ, "ನಿಮ್ಮಪ್ಪ ಸತ್ತಿದ್ದು ಇವತ್ತು ಗೊತ್ತಾಯ್ತು ನೋಡು" ಎಂದಳು.

ಅಕ್ಕ ಕಿನುಯೊ

*

ಮೊನ್ಬೆತ್ಸು
ಮಾರ್ಚ್ 19

ಅಕ್ಕ,

ಪತ್ರ ಬಂತು. ಇಲ್ಲಿ ಕಡಲ ಮೇಲೆ ಇನ್ನೂ ಮಂಜುಗಡ್ಡೆ ತೇಲುತ್ತಿದೆ. ದೋಣಿಗಳು ದಡದಲ್ಲಿವೆ, ನಾವು ಶೆಡ್ಡಿನಲ್ಲಿ ಕೂತು ಬಲೆ ಹೆಣೆಯುತ್ತೇವೆ.

ನಾನು ಒಪ್ಪುವುದಿಲ್ಲ.

ಅಂಗಡಿ ಮುಚ್ಚಲಿ. ಒಂದೇ ಸೂರಿನಡಿ ಆಟ, ಕುಡಿತ ಎರಡನ್ನೂ ಇಟ್ಟುಕೊಂಡ ಮನುಷ್ಯನಿಗೆ ಕೊನೆಗೆ ಯಾವುದು ಮುಖ್ಯವಾಯಿತು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಕೌಂಟರಿನ ಮುಂದಿನ ಹಲಗೆಯನ್ನು ಅಪ್ಪ ಗರಗಸ ಹಿಡಿದು ಕತ್ತರಿಸಿದ ದಿನವೇ ನನಗೂ ಆ ಮನೆಗೂ ಮುಗಿಯಿತು. ನಿನಗೆ ಇದು ಅರ್ಥವಾಗುವುದಿಲ್ಲ, ಅರ್ಥ ಮಾಡಿಸುವ ಆಸೆಯೂ ಇಲ್ಲ.

ಇನ್ನೊಂದು ಮಾತು. ನನ್ನ ಹೆಸರು ಇನ್ನೂ ಆ ಊರಿನ ದಾಖಲೆಯಲ್ಲೇ ಇದೆ. ಸಹಿಯ ಜಾಗದಲ್ಲಿ ಒತ್ತುವ ನನ್ನ ನೋಂದಾಯಿಸಿದ ಮುದ್ರೆಯೂ, ಅದರ ಚೀಟಿಯೂ ಅಪ್ಪನ ಮೇಜಿನ ಎರಡನೇ ಖಾನೆಯಲ್ಲಿವೆ. ನೀನು ನೋಡಿಯೇ ಇರುತ್ತೀ. ಹಾಗಿದ್ದ ಮೇಲೆ ಸಾವಿರ ಮೈಲಿ ದೂರದವನನ್ನು ಯಾಕೆ ಕೇಳುತ್ತೀ? ಬೇಕಿದ್ದರೆ ಒತ್ತಿಕೊ. ನಾನು ದೂರು ಕೊಡಲು ಬರುವುದಿಲ್ಲ. ಆದರೆ ನಾನು ಒಪ್ಪಿದೆ ಎಂದು ಮಾತ್ರ ಯಾರಿಗೂ ಹೇಳಬೇಡ.

ಶುನ್ಸಾಕು

*

ಕುರೊಹಾಮಾ
ಮಾರ್ಚ್ 27

ಶುನ್ಸಾಕು,

ನಿನ್ನ ಪತ್ರ ಓದಿ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಸಿಟ್ಟಿಗೆ ಎರಡು ಬಟ್ಟಲು ಜಾಸ್ತಿ ತಿಂದೆ.

ಮುದ್ರೆ ಖಾನೆಯಲ್ಲಿರುವುದು ನನಗೆ ಗೊತ್ತು. ಅಪ್ಪ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಅರಿಮುರಾ ಕೂಡ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಧಾಟಿಯಲ್ಲಿ, "ಕಾಗದದ ಮೇಲೆ ಮುದ್ರೆ ಇದ್ರೆ ನಾವು ಬೇರೆ ಏನೂ ಕೇಳಲ್ಲ" ಎಂದು ಹೇಳಿ ಹೋಗಿದ್ದಾನೆ. ನಾನು ಕೇಳಿದ್ದು ಮುದ್ರೆಯನ್ನಲ್ಲ, ನಿನ್ನನ್ನು. ವ್ಯತ್ಯಾಸ ತಿಳಿಯದಿದ್ದರೆ ಹೋಗಲಿ ಬಿಡು.

ನಿನ್ನ ಕಣ್ಣು ಜಾಗದ ಮೇಲಿದೆಯೇ? ಇದ್ದರೆ ನೇರವಾಗಿ ಹೇಳು. ಅಂಗಡಿ ಮುಚ್ಚಿದರೆ ನಾನು ಮಾರಿ ಪಾಲು ಕಳಿಸುತ್ತೇನೆ ಎಂದುಕೊಂಡಿರಬಹುದು. ನಾನು ಮಾರುವುದಿಲ್ಲ.

ಮತ್ತೆ, ಕುಡಿತದ ಮೇಲೆ ನಿನಗೆ ಸಿಟ್ಟಿದ್ದರೆ ನಿಯಮವನ್ನಾದರೂ ಸರಿಯಾಗಿ ಓದು. ನೀನು ಒಪ್ಪದಿದ್ದರೆ ಸಾಯುವುದು ಆಟದ ಪರವಾನಗಿ. ಮದ್ಯದ್ದು ಸಾಯುವುದಿಲ್ಲ. ನಾಲ್ಕು ಮೇಜು ಹೊರಗೆ ಹೋಗುತ್ತವೆ, ಬಾಟಲಿಗಳು ಒಳಗೇ ಉಳಿಯುತ್ತವೆ. ಆಟ ಇಲ್ಲದ ಅಂಗಡಿ ಬೆಳಗಿನ ತನಕ ತೆರೆದಿರಬಹುದಂತೆ, ಅದಕ್ಕೂ ಒಂದು ಅರ್ಜಿ ಇದೆ. ನೀನು ತಡೆಯುತ್ತಿರುವುದು ಯಾವುದನ್ನು, ತಮ್ಮಾ?

ಹಲಗೆಯ ಮಾತೆತ್ತಿದೆಯಲ್ಲ, ಆ ಹಲಗೆಯ ಮೇಲೆ ನನಗಿರುವಷ್ಟು ಸಿಟ್ಟು ನಿನಗಿಲ್ಲ. ನಾನು ಗಂಡನ ಮನೆ ಬಿಟ್ಟು ಬಂದು ಕೌಂಟರಿನ ಹಿಂದೆ ನಿಂತು ಮೂರು ತಿಂಗಳಾಗಿರಲಿಲ್ಲ, ಒಂದು ಬೆಳಿಗ್ಗೆ ನೋಡಿದರೆ ಮುಂದೆ ಆಳೆತ್ತರದ ಹಲಗೆ ನಿಂತಿದೆ. ಯಾಕಪ್ಪ ಎಂದರೆ, ಗಾಳಿ ಬರುತ್ತೆ ಎಂದರು. ಕಿಟಕಿ ಇರುವುದು ಆ ಕಡೆ. ಬಿಟ್ಟು ಬಂದ ಮಗಳ ಮುಖ ಗಿರಾಕಿಗಳ ಕಣ್ಣಿಗೆ ಬೀಳಬಾರದು ಎಂದು ನಿಲ್ಲಿಸಿದ್ದು ಎಂದು ನನಗೆ ಅವತ್ತೇ ತಿಳಿಯಿತು. ಆ ಚಳಿಗಾಲವಿಡೀ ಹಲಗೆಯ ಹಿಂದೆ ನಿಂತು ಬೇರೆಯವರ ನಗು ಕೇಳಿಸಿಕೊಂಡು ಮದ್ಯ ಸುರಿದುಕೊಟ್ಟೆ. ಅದನ್ನು ಕತ್ತರಿಸಿದ ದಿನ ನಾನು ಖುಷಿಪಟ್ಟೆ. ನೀನು ಅದೇ ದಿನ ಕುಡಿದು ಬಂದು ಕೌಂಟರ್ ಒಡೆದು ಊರು ಬಿಟ್ಟೆ. ನನ್ನ ಒಂದು ದಿನದ ಖುಷಿಯನ್ನೂ ಉಳಿಸಲಿಲ್ಲ.

ಜಗಳ ಸಾಕು. ಬೇರೆ ಪಾರ್ಸೆಲ್ಲಿನಲ್ಲಿ ನಮ್ಮೂರಿನ ಅಕ್ಕಿಮದ್ಯ 'ಸಾಕೆ' ಒಂದು ಬಾಟಲಿ ಕಳಿಸಿದ್ದೇನೆ. ಹೇಗೂ ಕುಡಿಯುವವನು, ಒಳ್ಳೆಯದನ್ನೇ ಕುಡಿ. ಕುಡಿದು ಮನಸ್ಸು ಸಡಿಲವಾದಾಗ ಆ ನಮೂನೆಗೆ ಹೆಸರು ಬರೆ.

ಅಕ್ಕ

*

ಕುರೊಹಾಮಾ
ಏಪ್ರಿಲ್ 8

ಶುನ್ಸಾಕು,

ಹನ್ನೆರಡು ದಿನವಾಯಿತು. ಪಾರ್ಸೆಲ್ ತಲುಪಿದೆ ಎಂದು ಚೀಟಿ ಬಂದಿದೆ. ನಿನ್ನಿಂದ ಒಂದು ಸಾಲಿಲ್ಲ.

ದಿನಕ್ಕೆ ಎರಡು ಸಲ ಅಂಚೆಯವನ ದಾರಿ ಕಾಯುತ್ತೇನೆ. ಅವನ ಸೈಕಲ್ಲಿನ ಬ್ರೇಕು ಕಿರುಗುಟ್ಟುತ್ತದೆ, ಅದು ಕೇಳಿದ ಕೂಡಲೇ ಕೈಯಲ್ಲಿದ್ದ ಕಾಯಿಯನ್ನು ನೋಡದೆ ಎಸೆಯುತ್ತೇನೆ. ಮಿತಾನಿ ಅದನ್ನೇ ಕಾಯ್ದು ಗೆಲ್ಲುತ್ತಾನೆ. ನಿನ್ನೆ, "ಆ ಅಂಚೆಯವನಿಗೆ ನಾನೇ ಹೊಸ ಬ್ರೇಕು ಹಾಕಿಸಿಕೊಡಬೇಕು, ಇಂಥ ಗೆಲುವು ಪಾಪ" ಎಂದ.

ಮೊನ್ನೆ ಅರಿಮುರಾ ಅಳತೆಪಟ್ಟಿ ಹಿಡಿದು ಬಂದ. ಅರ್ಜಿಯ ಜೊತೆ ಅಂಗಡಿಯ ನಕ್ಷೆ ಕೊಡಬೇಕು, ನಕ್ಷೆಗೂ ಅಂಗಡಿಗೂ ಒಂದು ಬೆರಳು ವ್ಯತ್ಯಾಸ ಇರಬಾರದು. ದೀಪದ ಬೆಳಕು ಅಳೆದ, ಮೇಜಿನಿಂದ ಮೇಜಿಗೆ ಅಳೆದ. ಬಾಗಿಲ ಬಳಿ ಸೊಂಟ ಬಗ್ಗಿಸಿ ನಿಂತು ಒಳಗೆಲ್ಲ ಕಾಣುತ್ತದೆಯೇ ನೋಡಿದ. ಆಡುವ ಕೋಣೆಯೊಳಗೆ ನೋಟಕ್ಕೆ ಅಡ್ಡವಾಗುವಂಥ, ಒಂದು ಮೀಟರಿಗಿಂತ ಎತ್ತರದ್ದು ಏನೂ ಇರಕೂಡದಂತೆ. ಮರೆ ಇದ್ದಲ್ಲಿ ದುಡ್ಡು ಕೈ ಬದಲಾಯಿಸುತ್ತದೆ ಎಂಬ ಭಯ. ಹಲಗೆ ಅಳೆದ, ತೊಂಬತ್ತೊಂಬತ್ತು ಬಂತು. "ಸರಿ ಇದೆ. ನಿಮ್ಮ ತಂದೆ ಆ ಕ್ಷಮಾಪಣೆ ಬರೆದ ಮೇಲೆ ಮತ್ತೆ ತಪ್ಪೇ ಮಾಡಿಲ್ಲ" ಎಂದ.

ಯಾವ ಕ್ಷಮಾಪಣೆ ಎಂದು ಕೇಳಿದೆ. ಅವನ ಮುಖ ಪೆಚ್ಚಾಯಿತು. ಅವನು ಬರುವುದಕ್ಕೆ ಮುಂಚಿನ ಕಡತದಲ್ಲಿ ಇದೆಯಂತೆ, ಮನೆಯವರಿಗೆ ಗೊತ್ತಿರಬಹುದು ಎಂದುಕೊಂಡನಂತೆ. ನಾನು ಬಿಡಲಿಲ್ಲ. ನಲವತ್ತೊಂಬತ್ತನೇ ದಿನದ ಪೂಜೆ ಮುಗಿಸಿ ಠಾಣೆಗೆ ಬಂದರೆ ತೋರಿಸಲು ಮೇಲಿನವರನ್ನು ಕೇಳುತ್ತೇನೆ ಎಂದಿದ್ದಾನೆ. ನಮ್ಮಪ್ಪ ಠಾಣೆಗೆ ಕ್ಷಮಾಪಣೆ ಬರೆದದ್ದು ನಿನಗೇನಾದರೂ ಗೊತ್ತೇ? ನನಗಂತೂ ಅವರು ತಪ್ಪಾಯಿತು ಎಂದದ್ದು ಹುಟ್ಟಿದಾಗಿನಿಂದ ಕೇಳಿ ಗೊತ್ತಿಲ್ಲ.

ಇನ್ನು ಒಂದು ವಿಷಯ ಬರೆಯಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ನಿನ್ನೆ ನಿನ್ನ ಮುದ್ರೆ ತೆಗೆದೆ. ಕೆಂಪು ಶಾಯಿ ಹಚ್ಚಿದೆ. ಹಳೆಯ ಪತ್ರಿಕೆಯ ಮೇಲೆ ಒಂದು ಸಲ ಒತ್ತಿ ನೋಡಿದೆ. ನಿನ್ನ ಹೆಸರು ನೀಟಾಗಿ ಮೂಡಿತು. ಪಕ್ಕದಲ್ಲೇ ಒಪ್ಪಿಗೆ ಪತ್ರದ ಇನ್ನೊಂದು ಪ್ರತಿ ಇತ್ತು. ಅಷ್ಟರಲ್ಲಿ ಕುವಬಾರ ಮಾಮ ಒಳಗೆ ಬಂದು, "ಏನಮ್ಮ ಅದು?" ಎಂದರು. ಏನಿಲ್ಲ ಎಂದು ಪತ್ರಿಕೆಯನ್ನು ಮುದುರಿ ಒಲೆಗೆ ಹಾಕಿದೆ. ಮತ್ತೆ ಹಾಗೆ ಮಾಡುವುದಿಲ್ಲ ಎಂದು ಪ್ರಮಾಣ ಮಾಡಲಾರೆ. ಇಪ್ಪತ್ತನಾಲ್ಕು ದಿನ ಉಳಿದಿದೆ.

ಬದುಕಿದ್ದೀಯಾ ಎಂದಾದರೂ ಬರೆ.

ಅಕ್ಕ

*

ಮೊನ್ಬೆತ್ಸು
ಏಪ್ರಿಲ್ 13

ಅಕ್ಕ,

ಬದುಕಿದ್ದೇನೆ.

ನಿನ್ನ ಬಾಟಲಿ ಮಾರ್ಚ್ ಮೂವತ್ತೊಂದರಂದು ಬಂತು. ಕಟ್ಟು ಬಿಚ್ಚಿ ಕಪಾಟಿನ ಮೇಲಿಟ್ಟೆ. ಗೋಡೆಗೆ ಮುಖ ಮಾಡಿಟ್ಟೆ, ಆದರೂ ಅದು ಬಾಟಲಿಯೇ. ನಾಲ್ಕು ದಿನ ಕೆಲಸ ಮುಗಿಸಿ ಕೋಣೆಗೆ ಹೋಗದೆ ಬಲೆಯ ಶೆಡ್ಡಿನಲ್ಲೇ ಮಲಗಿದೆ. ಐದನೇ ದಿನ ಮನೆಯೊಡತಿಗೆ ಅಡುಗೆಗೆಂದು ಕೊಟ್ಟೆ. ಅವಳು ಅದನ್ನು ಮೀನಿನ ಸಾರಿಗೆ ಹಾಕಿದಳು. ವಾಸನೆಗೆ ನಾನು ಊಟ ಬಿಟ್ಟು ಹೊರಗೆ ಹೋಗಿ ಸಮುದ್ರದ ದಂಡೆಯಲ್ಲಿ ನಿಂತೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಹಲ್ಲು ಕಡಿದು ದವಡೆ ನೋವಾಯಿತು. ಆದರೆ ನಿನ್ನ ತಪ್ಪಲ್ಲ. ನಾನು ಹೇಳಿರಲಿಲ್ಲ.

ನಾನು ಬಿಟ್ಟು ಎರಡು ವರ್ಷ ಐದು ತಿಂಗಳಾಯಿತು. ಬಿಟ್ಟೆ ಎಂದು ಈ ಹಿಂದೆ ಅಪ್ಪನಿಗೆ ಮೂರು ಸಲ ಮಾತು ಕೊಟ್ಟು ಮೂರು ಸಲವೂ ಮುರಿದವನು ನಾನು. ನಾಲ್ಕನೇ ಸಲ ಯಾರಿಗೂ ಹೇಳಬಾರದು ಎಂದುಕೊಂಡೆ. ಇಲ್ಲಿ ನಮ್ಮಂಥವರು ಒಂಬತ್ತು ಜನ ವಾರಕ್ಕೊಮ್ಮೆ ದೇವಸ್ಥಾನದ ಹಿಂದಿನ ಕೋಣೆಯಲ್ಲಿ ಸೇರಿ ತಮ್ಮ ತಮ್ಮ ಕಥೆ ಹೇಳಿಕೊಳ್ಳುತ್ತೇವೆ. ಕೇಳುವವರಿಗೆ ಬೇಸರ ಬರುವಂಥ ಕಥೆಗಳೇ, ಆದರೂ ಕೇಳುತ್ತೇವೆ.

ಅಪ್ಪನ ಸುದ್ದಿ ಬಂದ ದಿನವೇ ಹೊರಟಿದ್ದೆ. ಹಕೊದಾತೆಯ ತನಕ ಬಂದೆ. ಹಡಗು ಹತ್ತುವ ಸಾಲಿನಲ್ಲಿ ನಿಂತಾಗ, ಸಾವಿನ ಮನೆಯಲ್ಲಿ ರಾತ್ರಿಯಿಡೀ ಕೂತು ಎಲ್ಲರಿಗೂ ಮದ್ಯ ಸುರಿಯುವುದು ನೆನಪಾಯಿತು. ನನಗೂ ಸುರಿಯುತ್ತಾರೆ. ಬೇಡ ಎಂದರೆ, ಅಪ್ಪನ ಹೆಸರಲ್ಲಿ ಒಂದು ಗುಟುಕು ಎನ್ನುತ್ತಾರೆ. ಸಾಲು ಬಿಟ್ಟು ತಿರುಗಿ ಬಂದೆ. ಕುವಬಾರ ಮಾಮನ ಕೈ ನಡುಗಿತು ಎಂದು ನೀನು ಬರೆದ ಸಾಲು ಇನ್ನೂ ಚುಚ್ಚುತ್ತಿದೆ.

ಹಲಗೆಯ ಮಾತು. ನಿನ್ನನ್ನು ಮುಚ್ಚಲು ನಿಲ್ಲಿಸಿದ್ದೆಂದು ನೀನು ತಿಳಿದದ್ದು ನನಗೆ ಗೊತ್ತಿರಲಿಲ್ಲ. ಅದು ನನಗಾಗಿ ನಿಲ್ಲಿಸಿದ್ದು. 1984ರ ಶರತ್ಕಾಲದಲ್ಲಿ ನಾನು ಆಸ್ಪತ್ರೆಯಿಂದ ಬಂದೆನಲ್ಲ, ಪಿತ್ತಕೋಶದ ಕಾಯಿಲೆ ಎಂದು ಅಪ್ಪ ನಿನಗೆ ಹೇಳಿದ್ದ. ಅದು ಕುಡಿತ ಬಿಡಿಸುವ ಆಸ್ಪತ್ರೆ. ಬಂದ ವಾರವೇ ಹಲಗೆ ನಿಂತಿತು. ಕುಡುಕ ಮಗ ಮೇಜಿಗೂ ಕೌಂಟರಿಗೂ ನಡುವೆ ತೂರಾಡುವುದು ಬಾಗಿಲಲ್ಲಿ ಬಂದವರಿಗೆ ಕಾಣದಿರಲಿ ಎಂದೇ ನಿಲ್ಲಿಸಿದ್ದು ಎಂದುಕೊಂಡೆ. ಅವಮಾನವೇನೋ ಆಯಿತು. ಆದರೆ ನಾಲ್ಕನೆಯವನಾಗಿ ಕೂತಾಗ ನನ್ನ ಕುರ್ಚಿಯಿಂದ ಒಂದು ಬಾಟಲಿಯೂ ಕಾಣುತ್ತಿರಲಿಲ್ಲ. ಗ್ಲಾಸು ಕೌಂಟರ್ ದಾಟಬಾರದು, ಮೇಜಿಗೆ ಬಾರ್ಲಿ ಚಹಾ ಮಾತ್ರ ಎಂಬ ಅಪ್ಪನ ಹಳೆಯ ಕಟ್ಟಳೆ ಹೇಗೂ ಇತ್ತಲ್ಲ. ಐದು ತಿಂಗಳು ನಾನು ಮುಟ್ಟಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ಆಡಿದ್ದು ಅದೊಂದೇ ಚಳಿಗಾಲ.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಬಂದು ಕೂತರೆ ಹಲಗೆ ಸೊಂಟಕ್ಕೆ ಇಳಿದಿದೆ. ಮೂವತ್ತು ಬಾಟಲಿಗಳೂ ಎದುರಿಗಿವೆ. ನೆಲದ ಮೇಲೆ ಇನ್ನೂ ಮರದ ಹೊಟ್ಟು ಬಿದ್ದಿತ್ತು. ಯಾಕೆ ಎಂದೆ. ಅಪ್ಪ ನನ್ನ ಮುಖ ನೋಡದೆ, "ಒಂದು ಮೀಟರ್ ಸಾಕು" ಎಂದ. ಅಷ್ಟೇ. ಬಾಟಲಿ ಕಾಣದಿದ್ದರೆ ವ್ಯಾಪಾರ ಆಗುವುದಿಲ್ಲ ಎಂದು ಅರ್ಥ ಮಾಡಿಕೊಂಡೆ. ಮಗನಿಗಿಂತ ಮದ್ಯ ಹೆಚ್ಚಾಯಿತು ಎಂದುಕೊಂಡೆ. ಮುಂದಿನದು ನಿನಗೆ ಗೊತ್ತು.

ಜಾಗದ ಮೇಲೆ ನನಗೆ ಕಣ್ಣಿಲ್ಲ. ನೀನು ಹೇಳಿದ ನಿಯಮವನ್ನೂ ಓದಿದೆ. ಆಟ ಹೋಗಿ ಕುಡಿತ ಉಳಿಯುತ್ತದೆ ಎಂದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆದರೂ ಆ ನಮೂನೆ ಎದುರಿಗಿಟ್ಟುಕೊಂಡರೆ ಕೈ ಏಳುವುದಿಲ್ಲ. ಹೆಸರು ಬರೆದರೆ, ನೀನು ಮಾಡಿದ್ದು ಸರಿ ಅಪ್ಪಾ ಎಂದು ಹೇಳಿದ ಹಾಗಾಗುತ್ತದೆ. ಅದನ್ನು ನಾನು ಹೇಳಲಾರೆ.

ಶುನ್ಸಾಕು

*

ಕುರೊಹಾಮಾ
ಏಪ್ರಿಲ್ 23

ತಮ್ಮಾ,

ಆ ಬಾಟಲಿಯ ಬಗ್ಗೆ ಏನು ಬರೆದರೂ ಸಾಲದು. ಕಳಿಸಿದ ಕೈಯನ್ನು ಕತ್ತರಿಸಿಕೊಳ್ಳಬೇಕು ಎನಿಸಿತು. ತಪ್ಪಾಯಿತು. ನೋಡು, ಅಪ್ಪನ ಮಗಳು ಈ ಪದ ಬರೆದಳು.

ಮೊನ್ನೆ ನಲವತ್ತೊಂಬತ್ತನೇ ದಿನದ್ದು ಮುಗಿಯಿತು. ನಿನ್ನೆ ಠಾಣೆಗೆ ಹೋದೆ. ಅರಿಮುರಾ ಒಂದು ಹಳೆಯ ಕಡತ ತಂದು ಮುಂದಿಟ್ಟು, "ನಾನು ಹೊರಗೆ ಹೋಗಿ ಸಿಗರೇಟ್ ಸೇದಿ ಬರ್ತೀನಿ, ನೀವು ಬರ್ಕೊಳ್ಳಿ" ಎಂದ. ಅವನು ಸಿಗರೇಟ್ ಸೇದುವುದಿಲ್ಲ. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ. ಕೆಳಗಿದೆ. ಕೂತುಕೊಂಡು ಓದು.

'ಕ್ಷಮಾಪಣೆ ಪತ್ರ. 1985 ಮಾರ್ಚ್ 18.

ನನ್ನ ಅಂಗಡಿಯಲ್ಲಿ ಮದ್ಯದ ಕೌಂಟರಿಗೂ ಆಟದ ಮೇಜುಗಳಿಗೂ ನಡುವೆ ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್ ಎತ್ತರದ ಹಲಗೆಯನ್ನು ಅನುಮತಿ ಪಡೆಯದೆ ನಿಲ್ಲಿಸಿದ್ದು ನಿಜ. ನಿಯಮ ಗೊತ್ತಿರಲಿಲ್ಲ ಎಂದು ಬರೆಯಲು ಅಧಿಕಾರಿಗಳು ದಯೆಯಿಂದ ಸೂಚಿಸಿದರು. ಆದರೆ ನನಗೆ ಗೊತ್ತಿತ್ತು.

ಕಾರಣ ಹೀಗಿದೆ. ನನ್ನ ಮಗ ಕುಡಿತ ಬಿಡಿಸುವ ಆಸ್ಪತ್ರೆಯಿಂದ ಬಂದಿದ್ದಾನೆ. ಅವನಿಗೆ ಮಾಜಾಂಗ್ ಇಷ್ಟ. ಮೇಜಿನ ಮುಂದೆ ಕೂತಾಗ ಅವನ ಕಣ್ಣು ಕಾಯಿಯ ಮೇಲೆ ಇರದೆ ಬಾಟಲಿಗಳ ಮೇಲೆ ಹೋಗುವುದನ್ನು ನಾನು ಮೊದಲ ದಿನವೇ ನೋಡಿದೆ. ಮದ್ಯ ಮಾರುವುದನ್ನೇ ಬಿಡಬೇಕೆಂದಿದ್ದೆ. ಆದರೆ ಮಗಳು ಮನೆಗೆ ಬಂದಿದ್ದಾಳೆ, ಕೌಂಟರ್ ಅವಳ ಕೆಲಸ, ಅದನ್ನು ಕಿತ್ತುಕೊಳ್ಳಲಾಗಲಿಲ್ಲ. ಆದ್ದರಿಂದ ನಡುವೆ ಹಲಗೆ ನಿಲ್ಲಿಸಿದೆ. ಅವನು ಐದು ತಿಂಗಳಿಂದ ಕುಡಿದಿಲ್ಲ.

ಹಲಗೆಯನ್ನು ನಾಳೆಯೇ ಒಂದು ಮೀಟರಿಗೆ ಕತ್ತರಿಸುತ್ತೇನೆ. ಒಂದು ಬೇಡಿಕೆ ಇದೆ. ಈ ಎಚ್ಚರಿಕೆಯ ವಿಷಯ ನನ್ನ ಮಗನಿಗೆ ತಿಳಿಯಬಾರದು. ತನಗಾಗಿ ನಿಲ್ಲಿಸಿದ ಹಲಗೆಯಿಂದ ಮನೆಗೆ ಪೊಲೀಸರು ಬಂದರು ಎಂದು ಗೊತ್ತಾದರೆ ಅವನು ಮನೆ ಬಿಟ್ಟು ಹೋಗುತ್ತಾನೆ.'

ಅಷ್ಟೇ. ಕೆಳಗೆ ಅಪ್ಪನ ಮುದ್ರೆ, ಸ್ವಲ್ಪ ಓರೆಯಾಗಿ.

ಠಾಣೆಯಿಂದ ಬಂದರಿನ ತನಕ ನಡೆದು ಹೋಗಿ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಮೀನು ಬುಟ್ಟಿ ಹೊರುವವರು ನೋಡಿದರು, ನೋಡಲಿ. ಇಬ್ಬರೂ ಎಂಥ ಮೂರ್ಖರು ನಾವು. ಒಂದೇ ಹಲಗೆಯ ಆಚೆಗೆ ನೀನು, ಈಚೆಗೆ ನಾನು, ಅಪ್ಪ ನಮ್ಮನ್ನು ಮುಚ್ಚಿಡುತ್ತಿದ್ದಾರೆ ಎಂದು ಇಬ್ಬರೂ ಅಂದುಕೊಂಡು ಕೂತಿದ್ದೆವು. ಅಪ್ಪನ ಮೇಲೂ ಸಿಟ್ಟು ಬರುತ್ತಿದೆ. ಪೊಲೀಸರಿಗೆ ಹೇಳಲು ಬಂದ ಬಾಯಿ ಮಕ್ಕಳಿಗೆ ಹೇಳಲು ಬರಲಿಲ್ಲವಲ್ಲ.

ಒಪ್ಪಿಗೆ ಕೊಡು ಎಂದು ಇನ್ನು ಕೇಳುವುದಿಲ್ಲ. ಮುದ್ರೆಯನ್ನು ಮತ್ತೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನೀನು ಹೇಳದೆ ಅದನ್ನು ಮುಟ್ಟುವುದಿಲ್ಲ. ಈಗ ಪ್ರಮಾಣ ಮಾಡಬಲ್ಲೆ. ಮೇ ಎರಡು ದಾಟಿದರೆ ದಾಟಲಿ, ಮೇಜುಗಳನ್ನು ಆ ಮೂವರ ಮನೆಗೆ ಒಂದೊಂದು ಕೊಟ್ಟುಬಿಡುತ್ತೇನೆ.

ಅಕ್ಕ

*

ಮೊನ್ಬೆತ್ಸು
ಏಪ್ರಿಲ್ 27, ತುರ್ತು ಅಂಚೆ

ಅಕ್ಕ,

ನಿನ್ನೆ ಬಂತು. ಶೆಡ್ಡಿನಲ್ಲಿ ನಿಂತೇ ಓದಿದೆ, ಆಮೇಲೆ ಕೂತೆ.

ಒಪ್ಪಿಗೆ ಪತ್ರ ಇದರೊಳಗಿದೆ. ಹೆಸರು ನಾನೇ ಬರೆದಿದ್ದೇನೆ. ಕೊನೆಯ ಅಕ್ಷರ ಸೊಟ್ಟಗಾಗಿದೆ. ಪೊಲೀಸರು ಕೇಳಿದರೆ, ಅವನ ಅಪ್ಪನ ಮುದ್ರೆಯೂ ಓರೆಯೇ ಎಂದು ಹೇಳು.

ಮುದ್ರೆ ನೀನೇ ಒತ್ತು. ಈ ಸಲ ನಾನು ಒಪ್ಪಿದೆ ಎಂದು ಎಲ್ಲರಿಗೂ ಹೇಳು.

ಇಂದು ನಮ್ಮ ಒಂಬತ್ತು ಜನರ ಮುಂದೆ ಅಪ್ಪ ಬರೆದದ್ದನ್ನು ಓದಿದೆ. ಅರ್ಧಕ್ಕೆ ಬಂದಾಗ ಕಾಗದವನ್ನು ಪಕ್ಕಕ್ಕೆ ಚಾಚಿದೆ. ಉಳಿದದ್ದನ್ನು ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಓದಿದರು. ಅವರೂ ಒಬ್ಬ ಮಗನಿಗೆ ಅಪ್ಪ.

'ಅವನು ಮನೆ ಬಿಟ್ಟು ಹೋಗುತ್ತಾನೆ' ಎಂದು ಅಪ್ಪ ಬರೆದರಲ್ಲ. ಅವರು ಹೇಳಿದ್ದರೆ ನಾನು ಹೋಗುತ್ತಿರಲಿಲ್ಲ. ಹೇಳದಿದ್ದಕ್ಕೆ ಹೋದೆ. ಇದನ್ನು ಈಗ ಯಾರ ಹತ್ತಿರ ಹೇಳಲಿ.

ಊರಿಗೆ ಬರುವ ಮಾತು ಎತ್ತಬೇಡ. ಎರಡು ವರ್ಷ ಐದು ತಿಂಗಳು ಎಂದರೆ ಹೆಚ್ಚಲ್ಲ. ಆ ಕುರ್ಚಿಯಲ್ಲಿ ಕೂತು ಆ ಬಾಟಲಿಗಳ ಸಾಲು ನೋಡಲು ನನಗಿನ್ನೂ ಭಯ. ಹಲಗೆ ಎತ್ತರಿಸಲು ನಿಯಮ ಬಿಡುವುದಿಲ್ಲ. ಅದಕ್ಕೆ ಯಾರೇನು ಮಾಡಲಾದೀತು.

ಶುನ್ಸಾಕು

*

ಕುರೊಹಾಮಾ
ಮೇ 9

ತಮ್ಮಾ,

ಕಾಗದ ಮೂವತ್ತನೇ ತಾರೀಕು ಬಂತು. ಆ ಬ್ರೇಕಿನ ಸದ್ದು ಕೇಳಿ ನಾನು ಗೆಲ್ಲುವ ಕೈಯನ್ನೇ ಮೇಜಿನ ಮೇಲೆ ಕವುಚಿ ಓಡಿದೆ, ಮಿತಾನಿಗೆ ಇದುವರೆಗೂ ನಂಬಿಕೆ ಬಂದಿಲ್ಲ. ಮುದ್ರೆ ಒತ್ತಿದೆ. ನಡುಹಗಲಲ್ಲಿ ಆ ಮೂವರನ್ನೂ ಸಾಕ್ಷಿಗೆ ಕೂರಿಸಿಕೊಂಡು ಒತ್ತಿದೆ. ಎರಡನೇ ತಾರೀಕು ಬೆಳಿಗ್ಗೆ ಠಾಣೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದೆ. ಅರಿಮುರಾ ನಿನ್ನ ಸೊಟ್ಟ ಅಕ್ಷರ ನೋಡಿದ, ನೀನು ಕಲಿಸಿದ ಉತ್ತರ ಹೇಳಿದೆ. ಅವನು ನಗಲಿಲ್ಲ, ಎದ್ದು ನಿಂತು ತಲೆ ಬಾಗಿಸಿದ. ಮಂಜೂರಾಗಲು ಒಂದಷ್ಟು ವಾರ ಬೇಕಂತೆ, ಅಲ್ಲಿಯ ತನಕ ಅಂಗಡಿ ನಡೆಸಬಹುದಂತೆ.

ಊರಿಗೆ ಬಾ ಎನ್ನುವುದಿಲ್ಲ. ಅಂಗಡಿಯ ಸುದ್ದಿ ಒಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ.

ನಿನ್ನ ಪತ್ರದ ಕೊನೆಯ ಸಾಲು ತಲೆಯಲ್ಲಿ ಕೊರೆಯುತ್ತಿತ್ತು. ಹಲಗೆ ಒಂದು ಮೀಟರಿಗಿಂತ ಏರಬಾರದು, ಸರಿ. ನಿಯಮದ ಪುಸ್ತಕವನ್ನು ಅರಿಮುರಾನ ಮುಂದೆಯೇ ಮೊದಲಿಂದ ಕೊನೆಯ ತನಕ ಓದಿಸಿದೆ. ಬೆಳಕು ಇಷ್ಟಿರಬೇಕು, ಸದ್ದು ಅಷ್ಟಿರಬೇಕು, ಮಕ್ಕಳನ್ನು ಬಿಡಬಾರದು, ಗೆದ್ದವರಿಗೆ ಅಂಗಡಿಯಿಂದ ಒಂದು ಸಾಬೂನೂ ಬಹುಮಾನ ಕೊಡಬಾರದು. ಬಾಟಲಿಗಳು ಇಷ್ಟು ಎತ್ತರದಲ್ಲೇ ಇರಬೇಕು ಎಂದು ಎಲ್ಲಿಯೂ ಇಲ್ಲ. ಎರಡೆರಡು ಸಲ ಕೇಳಿದೆ. "ಇಲ್ಲ ಅಕ್ಕಾವ್ರೇ, ಬಾಟಲಿ ಎಲ್ಲಿ ಬೇಕಾದ್ರೂ ಇಟ್ಕೊಳ್ಳಿ" ಎಂದ. ಅಪ್ಪ ಹಲಗೆಯನ್ನು ಏರಿಸುವುದನ್ನೇ ಯೋಚಿಸಿದರು, ಆಮೇಲೆ ಇಳಿಸುವುದನ್ನು. ಬಾಟಲಿಗಳು ಅವರ ತಲೆಗೆ ಹೊಳೆಯಲೇ ಇಲ್ಲ. ನನಗೂ ಮೂರು ವರ್ಷ ಹೊಳೆದಿರಲಿಲ್ಲ ಬಿಡು.

ಮಿತಾನಿ ಚಾಪೆಯ ಚೂರಿ ಬಿಟ್ಟು ಗರಗಸ ಹಿಡಿದ. ಕುವಬಾರ ಮಾಮ ಮೊಳೆ ಕಿತ್ತರು. ಗೋಡೆಯ ಮೇಲಿನ ಕಪಾಟು ಹೋಯಿತು. ಈಗ ಎಲ್ಲ ಬಾಟಲಿಗಳೂ ಕೌಂಟರಿನ ಒಳಮಗ್ಗುಲಲ್ಲಿ, ನನ್ನ ಮೊಣಕಾಲಿನ ಹತ್ತಿರ ಸಾಲಾಗಿ ಕೂತಿವೆ. ಯಾರಾದರೂ ಕೇಳಿದಾಗಲೆಲ್ಲ ಬಗ್ಗಿ ತೆಗೆಯಬೇಕು. ನನ್ನ ಸೊಂಟ ನಿನ್ನನ್ನು ಶಪಿಸುತ್ತದೆ. ಕಪಾಟಿನ ಜಾಗದಲ್ಲಿ ಫುಜಿಎ ಅಮ್ಮ ತನ್ನ ಅಂಗಡಿಯ ಕ್ಯಾಲೆಂಡರ್ ತಂದು ನೇತು ಹಾಕಿದ್ದಾಳೆ. ಅದರಲ್ಲಿ ಒಂದು ದೊಡ್ಡ ಚಿಕುವಾ ಚಿತ್ರ ಇದೆ, ನೋಡಲು ಏನೇನೂ ಚೆನ್ನಾಗಿಲ್ಲ.

ಎಲ್ಲ ಮುಗಿದ ಮೇಲೆ ನಿನ್ನ ಕುರ್ಚಿಯಲ್ಲಿ ಕೂತು ನೋಡಿದೆ. ನಾನು ನಿನಗಿಂತ ಗಿಡ್ಡ, ಅದಕ್ಕೆ ಕೆಳಗೆ ಎರಡು ದಿಂಬು ಹಾಕಿಕೊಂಡು ನಿನ್ನ ಎತ್ತರಕ್ಕೆ ಬಂದು ಮತ್ತೆ ನೋಡಿದೆ. ಬಲಕ್ಕೆ ವಾಲಿ ನೋಡಿದೆ, ಎಡಕ್ಕೆ ವಾಲಿ ನೋಡಿದೆ. ಹಲಗೆ ಕಂಡಿತು, ಚಿಕುವಾ ಕಂಡಿತು, ಕೌಂಟರಿನ ಹಿಂದೆ ನನ್ನ ಬದಲು ನಿಂತಿದ್ದ ಕುವಬಾರ ಮಾಮನ ಬೋಳುತಲೆ ಕಂಡಿತು. ಬಾಟಲಿ ಒಂದೂ ಕಾಣಲಿಲ್ಲ.

ಅಕ್ಕ